ಗೆದ್ದವರ ಮಾತು ಕೇಳುವಾಗ ಲೆಕ್ಕದ ಪುಸ್ತಕ ಕೈಯಲ್ಲಿರಲಿ

ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನ ಅಕ್ಕನ ಮಗನ ಮನೆ ಇದೆ. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ವ್ಯಾಪಾರಸ್ಥರ ಒಂದು ಕ್ಲಬ್ಬಿನ ಸದಸ್ಯ. ವಾರಕ್ಕೊಮ್ಮೆ ಬೆಳಿಗ್ಗೆ ಏಳಕ್ಕೆಲ್ಲ ಸೇರುತ್ತಾರೆ. 2023ರ ಜನವರಿಯಲ್ಲಿ ಫೋನ್ ಮಾಡಿ, "ಮಾಮಾ, ಈ ಸಲ ಸಿರಿಧಾನ್ಯದಲ್ಲಿ ದುಡ್ಡು ಮಾಡಿದವರೊಬ್ಬರು ಮಾತಾಡ್ತಾರೆ. ನೀನು ನವಣೆ ಬೆಳೀತೀಯಲ್ಲ, ಬಾ" ಅಂದ. ನಮ್ಮೂರು ಜಗಳೂರು ತಾಲೂಕಿನಲ್ಲಿ. ಮೊದಲ ಬಸ್ಸು ಹಿಡಿದರೂ ಏಳಕ್ಕೆ ಮುಟ್ಟಲ್ಲ. ಹಿಂದಿನ ರಾತ್ರಿಯೇ ಹೋಗಿ ಉಳಿದೆ.

ಆವತ್ತು ಕೇಳಿದ ಮಾತಿನಿಂದ ನಾನು ಏಳೂವರೆ ಲಕ್ಷ ರೂಪಾಯಿ ಸಾಲಕ್ಕೆ ಬೀಳುವುದರಲ್ಲಿದ್ದೆ. ಮುಂದಿನ ತಿಂಗಳು ಅದೇ ಜಾಗದಲ್ಲಿ ಕೇಳಿದ ಇನ್ನೊಂದು ಮಾತು ನನ್ನನ್ನು ಉಳಿಸಿತು. ಎರಡನ್ನೂ ಬರೆಯುತ್ತೇನೆ. ಇಂಥ ಭಾಷಣಗಳು ಈಗ ಪೇಟೆಯಲ್ಲಿ ಮಾತ್ರ ಅಲ್ಲ, ಕೃಷಿ ಮೇಳದಲ್ಲಿ, ಸಂಘದ ಸಭೆಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಇವೆ.

ಒಂದು ನಿಮಿಷದ ಪರಿಚಯ

ಮೊದಲು ಆ ಕ್ಲಬ್ ಅಂದರೆ ಏನು ಅಂತ ಹೇಳಬೇಕು. ಒಂದು ಕಸುಬಿಗೆ ಒಬ್ಬನೇ ಸದಸ್ಯ. ಒಬ್ಬ ಬಣ್ಣದ ಅಂಗಡಿಯವನು, ಒಬ್ಬ ಲೆಕ್ಕ ಪರಿಶೋಧಕ, ಒಬ್ಬ ಕಂಪ್ಯೂಟರ್ ಮಾರುವವನು, ಒಬ್ಬ ಅಡಿಗೆ ಕಂತ್ರಾಟುದಾರ. ಒಬ್ಬೊಬ್ಬರಾಗಿ ಎದ್ದು ಒಂದು ನಿಮಿಷದಲ್ಲಿ ತನ್ನ ಕೆಲಸ ಏನು, ಯಾರ ಪರಿಚಯ ಬೇಕು ಅಂತ ಹೇಳಬೇಕು. ಹೋದ ವಾರ ಯಾರು ಯಾರಿಗೆ ಗಿರಾಕಿ ಕಳಿಸಿದರು ಅಂತ ಚೀಟಿ ಓದುತ್ತಾರೆ. ಕೊನೆಗೆ ಒಬ್ಬ ಅತಿಥಿಯ ಮಾತು.

ಇದು ಹೊಸದೇನಲ್ಲ. 1905ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರನ್ನು ಕೂಡಿಸಿದರು. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ದರ್ಜಿ. ಒಂದು ಸಲ ಒಬ್ಬನ ಕಚೇರಿ, ಮುಂದಿನ ಸಲ ಇನ್ನೊಬ್ಬನ ಕಚೇರಿ ಅಂತ ಸುತ್ತು ಹಾಕಿ ಸೇರುತ್ತಿದ್ದರು. ಹಾಗಾಗಿ ರೋಟರಿ ಅಂತ ಹೆಸರು ಬಂತು. ಅಲ್ಲೂ ಕಸುಬಿಗೊಬ್ಬನೇ. ಮುಂದೆ ಅದು ಸೇವಾ ಸಂಸ್ಥೆಯಾಗಿ ಬೆಳೆಯಿತು. ಬರೀ ವ್ಯಾಪಾರಕ್ಕೆಂದೇ ಇರುವ ಬಿಎನ್ಐ ಎಂಬ ಸಂಸ್ಥೆಯನ್ನು ಐವನ್ ಮೈಸ್ನರ್ ಎಂಬವರು 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದರು. 'ಕೊಟ್ಟವನಿಗೆ ಸಿಗುತ್ತದೆ' ಎಂಬುದು ಅವರ ಸೂತ್ರ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಅಂತ. ಅದೇ ಲೆಕ್ಕ. ಅವರು ಚೀಟಿ ಬರೆದಿಡುತ್ತಾರೆ, ನಾವು ನೆನಪಿನಲ್ಲಿ ಇಡುತ್ತಿದ್ದೆವು.

ನನ್ನ ಸರದಿ ಬಂದಾಗ ಎದ್ದು ನಿಂತು, "ನಾನು ಮಳೆ ನಂಬಿ ನವಣೆ, ಶೇಂಗಾ ಬೆಳೆಯುವವ. ನವಣೆ ಬೇಕಾದವರಿದ್ದರೆ ಹೇಳಿ" ಅಂದೆ. ಇನ್ನೂ ನಲವತ್ತು ಸೆಕೆಂಡು ಉಳಿದಿತ್ತಂತೆ. ಎಲ್ಲರೂ ನಕ್ಕರು, ಚಪ್ಪಾಳೆಯನ್ನೂ ಹೊಡೆದರು.

ಮೊದಲ ಭಾಷಣ

ಅತಿಥಿ ಬೇರೆ ಊರಿನವರು. ಸಿರಿಧಾನ್ಯದ ಅಕ್ಕಿ, ಹಿಟ್ಟು, ಕುರುಕಲು ತಿಂಡಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ಆ ವರ್ಷ ವಿಶ್ವಸಂಸ್ಥೆ ಸಾರಿದ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ದಾವಣಗೆರೆ ಜಿಲ್ಲೆಯ ಒಣಭೂಮಿಯಲ್ಲಿ ನವಣೆ, ಸಾಮೆ ಚಿನ್ನ ಆಗುತ್ತವೆ ಅಂದರು.

ಚೆನ್ನಾಗಿ ಮಾತಾಡಿದರು. ಹಳೆಯ ಕತೆಗಳನ್ನೂ ಹೇಳಿದರು. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮೊದಲ ದಿನ ನಾಲ್ಕು ಕಟ್ಟು ಹಪ್ಪಳ ಮಾಡಿದ್ದು, ಅದೇ ಇವತ್ತಿನ ಲಿಜ್ಜತ್ ಆಗಿದ್ದು. ನಮ್ಮ ದಾವಣಗೆರೆ ಬೆಣ್ಣೆ ದೋಸೆಯನ್ನೂ ಬಿಡಲಿಲ್ಲ. ಊರವರು ಹೇಳುವ ಪ್ರಕಾರ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ನಾಟಕ ಥೇಟರಿನ ಹತ್ತಿರ ರಾಗಿ ದೋಸೆ ಹಾಕಿ ಮಾರಲು ಶುರು ಮಾಡಿದರು. ಅಕ್ಕಿ, ಬೆಣ್ಣೆ ಆಮೇಲೆ ಬಂದವು.

ಆಮೇಲೆ ಪರದೆ ಮೇಲೆ ಎರಡು ಅಂಕಿ ತೋರಿಸಿದರು. ನವಣೆ ಕಿಲೋಗೆ 28 ರೂಪಾಯಿ. ಅಂಗಡಿಯಲ್ಲಿ ನವಣಕ್ಕಿ 110 ರೂಪಾಯಿ. "ನಡುವಿನ 82 ರೂಪಾಯಿ ಯಾರದು? ರೈತರು ಯಾಕೆ ಬಿಟ್ಟುಕೊಡ್ತೀರಿ?" ಅಂತ ಕೇಳಿದರು. ತಮ್ಮ ಟರ್ನ್‌ಓವರ್ ವರ್ಷಕ್ಕೆ ಎರಡು ಕೋಟಿ ಅಂದರು. ನನ್ನ ಮೈ ಬಿಸಿಯಾಯಿತು. ಆಮಂತ್ರಣ ಪತ್ರಿಕೆಯ ಹಿಂಭಾಗದಲ್ಲೇ ಲೆಕ್ಕ ಹಾಕಿದೆ. ನಮ್ಮ ಓಣಿಯ ಹನ್ನೊಂದು ಜನರ ನವಣೆ ಸೇರಿದರೆ 50 ಕ್ವಿಂಟಾಲ್ ಆಗುತ್ತದೆ. 82 ರೂಪಾಯಿಯಂತೆ ನಾಲ್ಕು ಲಕ್ಷ ಹತ್ತು ಸಾವಿರ!

ಊರಿಗೆ ಬಂದು ಹನ್ನೊಂದು ಜನರನ್ನೂ ಕೂಡಿಸಿದೆ. ಕಲ್ಲು ತೆಗೆಯುವ ಯಂತ್ರ, ಹೊಟ್ಟು ಬಿಡಿಸುವ ಯಂತ್ರ, ಜರಡಿ, ಎಲ್ಲ ಸೇರಿ ಏಳೂವರೆ ಲಕ್ಷ ಅಂತ ಒಂದು ಕಂಪನಿಯಿಂದ ದರಪಟ್ಟಿ ತರಿಸಿದೆವು. 2020ರಲ್ಲಿ ಶುರುವಾದ ಕಿರು ಆಹಾರ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಶೇಕಡಾ 35 ಸಬ್ಸಿಡಿ ಇತ್ತು. ಆದರೆ ಸಬ್ಸಿಡಿ ಸಾಲಕ್ಕೆ ಜೋಡಿಸಿದ್ದು. ಸಾಲ ಮೊದಲು, ಕಂತು ಮೊದಲು. ಮುಂಗಡ 25 ಸಾವಿರ ಕೊಡಬೇಕಿತ್ತು. ನಮ್ಮ ಮನೆಯಾಕೆ, "ಶೇಂಗಾ ಮಾರಿದ ದುಡ್ಡು ಬೀಜ ಗೊಬ್ಬರಕ್ಕೆ ಇಟ್ಟಿದ್ದು, ಮುಟ್ಟಬೇಡ" ಅಂದಳು. ಅವಳ ಮಾತು ನನಗೆ ಆಗ ಹಿಂದಕ್ಕೆ ಎಳೆಯುವ ಮಾತು ಅನ್ನಿಸಿತು.

ಎರಡನೇ ಭಾಷಣ

ಮುಂಗಡ ಕೊಡುವುದಕ್ಕೆ ದಾವಣಗೆರೆಗೆ ಹೋದ ದಿನವೇ ಕ್ಲಬ್ಬಿನ ಸಭೆ ಇತ್ತು. ಅಕ್ಕನ ಮಗ ಮತ್ತೆ ಕರೆದುಕೊಂಡು ಹೋದ. ಅವತ್ತಿನ ಅತಿಥಿ ಹರಿಹರದ ಕಡೆಯ ಹಿರಿಯರು. ಸಣ್ಣ ಲೇತ್ ಶೆಡ್ ನಡೆಸಿ ಮುಚ್ಚಿದವರು. ಹತ್ತು ಹನ್ನೆರಡು ಜನ ಅಷ್ಟೇ ಬಂದಿದ್ದರು. ಮುಚ್ಚಿದವರ ಮಾತು ಕೇಳಲು ಯಾರು ಬರ್ತಾರೆ?

ಅವರು ಕಿರ್ಲೋಸ್ಕರರ ಕತೆ ಹೇಳಿದರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಲು ಕೈ ಹಾಕಿದರು. 1903ರಲ್ಲಿ ನೇಗಿಲು ಬಂತು. ಆದರೆ ರೈತರು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಅಂತ ಹೆದರಿದರು. ಮೊದಲ ನೇಗಿಲು ಮಾರಾಟ ಆಗುವುದಕ್ಕೆ ಎರಡು ವರ್ಷ ಹಿಡಿಯಿತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟ ಮೇಲೆ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಹರಿಹರಕ್ಕೆ ಬಂದು ಲೇತ್ ಯಂತ್ರ ಮಾಡಿತು. ಹರಿಹರದ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. ಕೊನೆಗೆ ಅದೂ ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಹತ್ತಿ ಮಿಲ್ಲುಗಳೂ ಒಂದೊಂದಾಗಿ ನಿಂತವು.

"ಎಲ್ಲರೂ ನಿಮಗೆ ನೇಗಿಲು ಮಾರಾಟ ಆದದ್ದನ್ನು ಹೇಳ್ತಾರೆ. ಮಾರಾಟ ಆಗದ ಆ ಎರಡು ವರ್ಷ ಮನೆಯಲ್ಲಿ ಅನ್ನ ಹೇಗೆ ಬೆಂದಿತು ಅಂತ ಯಾರೂ ಕೇಳಲ್ಲ. ನಾನು ಕೇಳಲಿಲ್ಲ, ಅದಕ್ಕೇ ಮುಚ್ಚಿದೆ" ಅಂದರು. ಒಬ್ಬನೇ ಗಿರಾಕಿಯನ್ನು ನಂಬಿ ಸಾಲ ಮಾಡಿ ಎರಡನೇ ಯಂತ್ರ ತಂದಿದ್ದರು. ಗಿರಾಕಿ ನಿಂತ, ಕಂತು ನಿಲ್ಲಲಿಲ್ಲ.

ಚಹಾ ಕುಡಿಯುವಾಗ ಅವರ ಹತ್ತಿರ ಹೋಗಿ ನನ್ನ ಚೀಟಿ ತೋರಿಸಿದೆ. 82 ರೂಪಾಯಿಯ ಲೆಕ್ಕ ನೋಡಿ ನಕ್ಕರು. "ಒಂದು ಕಿಲೋ ನವಣೆಗೆ ಒಂದು ಕಿಲೋ ಅಕ್ಕಿ ಬರುತ್ತೇನ್ರಿ?" ಅಂದರು. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ನವಣೆ ಬೆಳೆದವನು ನಾನು, ಕುಟ್ಟಿ ಕೇರಿದ ಮನೆಯವರು ನಾವು, ಹೊಟ್ಟಿನ ಲೆಕ್ಕ ಮರೆತಿದ್ದೆ! ಅವರು ಹೇಳಿದ್ದು ಇಷ್ಟೇ: "ಯಂತ್ರ ಬಾಡಿಗೆಗೆ ಸಿಗುತ್ತೆ. ಐದು ಕ್ವಿಂಟಾಲ್ ಮಾಡಿಸಿ, ನೀವೇ ಮಾರಿ ನೋಡಿ. ಆಮೇಲೆ ಯಂತ್ರದ ಮಾತು." ಮುಂಗಡ ಕೊಡದೆ ವಾಪಸ್ ಬಂದೆ.

ಐದು ಕ್ವಿಂಟಾಲಿನ ಪಾಠ

ಲೆಕ್ಕ ಇಲ್ಲಿದೆ. ಹನ್ನೊಂದು ಜನ ಸೇರಿ 500 ಕಿಲೋ ನವಣೆ ಹಾಕಿದೆವು.

ನವಣೆ, ಕಿಲೋಗೆ 28ರಂತೆ: 14,000 ರೂ.
ಗಿರಣಿ ಬಾಡಿಗೆ, ಕಿಲೋಗೆ 6ರಂತೆ: 3,000 ರೂ.
ಸಾಗಾಟ: 1,400 ರೂ.
ಪ್ಯಾಕೆಟ್, ಚೀಟಿ: 1,200 ರೂ.
ಒಟ್ಟು ಖರ್ಚು: 19,600 ರೂ.

ಅಕ್ಕಿ ಸಿಕ್ಕಿದ್ದು 300 ಕಿಲೋ, ಅಂದರೆ ನೂರಕ್ಕೆ ಅರವತ್ತು. ಅಂಗಡಿಯಲ್ಲಿ 100 ರೂಪಾಯಿಗೆ ಇಟ್ಟೆವು. ಅದರಲ್ಲಿ 25 ಅಂಗಡಿಯವರಿಗೆ, ನಮಗೆ 75. ಎರಡು ತಿಂಗಳಲ್ಲಿ ಹೋದದ್ದು 190 ಕಿಲೋ, 14,250 ರೂಪಾಯಿ. ಉಳಿದ 110ರಲ್ಲಿ 40 ಕಿಲೋ ಹುಳ ಹಿಡಿದು ವಾಪಸ್ ಬಂತು. 70 ಕಿಲೋ ಬಿಡಿಯಾಗಿ 40 ರೂಪಾಯಿಗೆ ಊರಲ್ಲೇ ಕೊಟ್ಟೆವು, 2,800 ರೂಪಾಯಿ. ಒಟ್ಟು 17,050. ಒಂದು ಅಂಗಡಿಯವರು 30 ಕಿಲೋದ 2,250 ರೂಪಾಯಿ ಕೊಡಲೇ ಇಲ್ಲ. ಕೈಗೆ ಬಂದದ್ದು 14,800. ನಷ್ಟ 4,800. ನಮ್ಮ ಓಡಾಟದ ಕೂಲಿ ಹಿಡಿದಿಲ್ಲ.

ಹುಳ ಯಾಕೆ ಬಂತು? ಸಿಪ್ಪೆ ಇರುವ ನವಣೆ ವರ್ಷಗಟ್ಟಲೆ ಇರುತ್ತದೆ, ಹಗೇವಿನಲ್ಲಿ ಇಡುತ್ತಿದ್ದ ಕಾಳು ಅದು. ಸಿಪ್ಪೆ ತೆಗೆದರೆ ಒಳಗಿನ ತೌಡಿನಲ್ಲಿ ಎಣ್ಣೆ ಅಂಶ ಇರುತ್ತದೆ. ಗಾಳಿ ತಾಗಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಹುಳ ಬೀಳುತ್ತದೆ. ಪಾಲಿಶ್ ಮಾಡಿದರೆ ಹೆಚ್ಚು ದಿನ ಬಾಳುತ್ತದೆ, ಆದರೆ ಸತ್ವ ಹೋಗುತ್ತದೆ. ಇದನ್ನು ಮೊದಲ ಅತಿಥಿ ಹೇಳಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಅವರ ಎರಡೂ ಅಂಕಿ ಸರಿ. ನಡುವಿನ ಅಂಕಿ ಹೇಳಲಿಲ್ಲ, ನಾನು ಕೇಳಲಿಲ್ಲ.

ಏಳೂವರೆ ಲಕ್ಷದ ಯಂತ್ರ ತಂದಿದ್ದರೆ ಈ ಪಾಠಕ್ಕೆ ಎಷ್ಟು ಫೀಜು ಆಗುತ್ತಿತ್ತು ಯೋಚನೆ ಮಾಡಿ. 4,800 ಅಂದರೆ ತಲಾ 436 ರೂಪಾಯಿ ಆಯಿತು.

ನಾನೇ ಅತಿಥಿಯಾದೆ

ಅಕ್ಕನ ಮಗ ಈ ಕತೆಯನ್ನು ಕ್ಲಬ್ಬಿನಲ್ಲಿ ಹೇಳಿದನಂತೆ. ಅವರು ನನ್ನನ್ನೇ ಹತ್ತು ನಿಮಿಷ ಮಾತಾಡಲು ಕರೆದರು. ಏಳನೇ ಇಯತ್ತೆ ಓದಿದವನು, ಮೈಕ್ ಹಿಡಿದವನಲ್ಲ. ಕೈ ನಡುಗಿತು. ಮೇಲಿನ ಲೆಕ್ಕವನ್ನೇ ಒಂದೊಂದು ಸಾಲಾಗಿ ಓದಿದೆ. 4,800 ನಷ್ಟ ಅಂದಾಗ ಯಾರೂ ನಗಲಿಲ್ಲ.

ಸಭೆ ಮುಗಿದ ಮೇಲೆ ಅಡಿಗೆ ಕಂತ್ರಾಟುದಾರರು ಬಂದು ಕೈ ಹಿಡಿದರು. ಎರಡು ಹಾಸ್ಟೆಲ್ಲಿಗೆ ಊಟ ಕೊಡುವವರು. "ನನಗೆ ಪ್ಯಾಕೆಟ್ ಬೇಡ, ಚೀಟಿ ಬೇಡ. 25 ಕಿಲೋ ಚೀಲದಲ್ಲಿ ತಿಂಗಳಿಗೆ 200 ಕಿಲೋ ಕೊಡಿ. ಆ ವಾರವೇ ಬೀಸಿದ್ದಾಗಿರಬೇಕು, ಕಲ್ಲು ಇರಬಾರದು. ಹದಿನೈದು ದಿನಕ್ಕೆ ದುಡ್ಡು" ಅಂದರು. ಗೆದ್ದ ಕತೆ ಹೇಳಿದ್ದರೆ ಅವರು ಬರುತ್ತಿರಲಿಲ್ಲ. ಎಲ್ಲಿ ಸೋತೆ ಅಂತ ಹೇಳಿದ್ದಕ್ಕೆ ಅವರಿಗೆ ನನ್ನ ಕಷ್ಟವೂ ತಿಳಿಯಿತು, ನನ್ನ ಹತ್ತಿರ ಏನಿದೆ ಅಂತಲೂ ತಿಳಿಯಿತು.

ಈಗಿನ ತಿಂಗಳ ಲೆಕ್ಕ ಹೀಗಿದೆ. 200 ಕಿಲೋ ಅಕ್ಕಿಗೆ 334 ಕಿಲೋ ನವಣೆ ಬೇಕು. ಪೇಟೆ ದರ 28 ಇದ್ದಾಗಲೂ ನಮ್ಮವರಿಗೆ 30 ಹಾಕಿಕೊಂಡೆವು, 10,020 ರೂಪಾಯಿ. ಗಿರಣಿ ಬಾಡಿಗೆ 2,004, ಸಾಗಾಟ 700. ಒಟ್ಟು 12,724. ಅಕ್ಕಿಗೆ ಕಿಲೋಗೆ 72ರಂತೆ 14,400 ಬರುತ್ತದೆ. ಉಳಿಯುವುದು 1,676 ರೂಪಾಯಿ. ಅದು ಸಂಘದ ಪೆಟ್ಟಿಗೆಗೆ. ಕೋಟಿಯ ಮಾತು ಇಲ್ಲ. ಆದರೆ ಸಾಲ ಇಲ್ಲ, ಹುಳ ಇಲ್ಲ, ಕಾಳು ಮನೆಯಲ್ಲಿ ಸಿಪ್ಪೆ ಸಮೇತ ಸುರಕ್ಷಿತ. ಬೇಕಾದಾಗ ಬೇಕಾದಷ್ಟು ಮಾತ್ರ ಬೀಸಿಸುತ್ತೇವೆ. ಆಹಾರ ಮಾರಲು ಬೇಕಾದ ಸಣ್ಣವರ ನೋಂದಣಿಯನ್ನೂ ಮಾಡಿಸಿದೆವು. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಅದನ್ನು ಬಿಡಬೇಡಿ.

ಇನ್ನು ನಾನು ಆ ಕ್ಲಬ್ಬಿಗೆ ಸೇರಲಿಲ್ಲ. ವರ್ಷದ ಚಂದಾ ಹತ್ತಾರು ಸಾವಿರ. ವಾರ ವಾರ ಏಳಕ್ಕೆ ಹಾಜರಿ ಬೇಕು. ಹಾಲು ಕರೆಯುವ ಹೊತ್ತು ಅದು. ನಮ್ಮಂಥವರಿಗೆ ಹೊಂದುವುದಿಲ್ಲ.

ಕೇಳಬೇಕಾದ ಐದು ಪ್ರಶ್ನೆ

ಯಾರೇ ಗೆದ್ದವರು ಮಾತಾಡಲಿ, ಈ ಐದನ್ನು ಕೇಳಿ. ಸಭೆಯಲ್ಲಿ ಸಂಕೋಚವಾದರೆ ಚಹಾ ಹೊತ್ತಿನಲ್ಲಿ ಕೇಳಿ.

1. ಮೊದಲ ಲಾಭದ ರೂಪಾಯಿ ಬರಲು ಎಷ್ಟು ದಿನ ಹಿಡಿಯಿತು? ಅಲ್ಲಿಯವರೆಗೆ ಮನೆ ಯಾವುದರಿಂದ ನಡೆಯಿತು? ಎಷ್ಟೋ ಜನರ ಹಿಂದೆ ಹೆಂಡತಿಯ ಸಂಬಳ, ಪೇಟೆಯ ಮನೆ ಬಾಡಿಗೆ ಇರುತ್ತದೆ. ನಮ್ಮ ಹಿಂದೆ ಮಳೆ ಮಾತ್ರ.

2. ನೀವು ಹೇಳಿದ ಅಂಕಿ ವಹಿವಾಟೋ, ಲಾಭವೋ? ಎರಡು ಕೋಟಿ ಟರ್ನ್‌ಓವರ್ ಇದ್ದೂ ಕೈ ಖಾಲಿ ಇರಬಹುದು. ಹತ್ತು ಚೀಲ ಮಾರಿ ಸಾಲ ತೀರಿಸಿದವನೂ ಇರುತ್ತಾನೆ.

3. ಮೊದಲ ಗಿರಾಕಿ ಯಾರು? ದುಡ್ಡು ಎಷ್ಟು ದಿನಕ್ಕೆ ಬಂತು? ಉದ್ರಿ ಎಷ್ಟು ಮುಳುಗಿತು?

4. ಮಾರಾಟ ಆಗದಿದ್ದರೆ ಆ ಮಾಲು ಏನಾಗುತ್ತದೆ? ಕೊಳೆಯುತ್ತದೋ, ಮನೆಯಲ್ಲಿ ತಿನ್ನಬಹುದೋ, ದನ ತಿನ್ನುತ್ತದೋ?

5. ನಾನು ನಿಮ್ಮ ಹಾಗೆ ಶುರು ಮಾಡಿದರೆ ನಿಮಗೇನು ಬರುತ್ತದೆ? ಯಂತ್ರ, ಸಸಿ, ಮರಿ, ತರಬೇತಿ ಮಾರುವವರು ಭಾಷಣ ಮಾಡಿದರೆ ಎರಡು ಸಲ ಯೋಚಿಸಿ. 1990ರ ದಶಕದಲ್ಲಿ ತೇಗದ ಕಂಪನಿಗಳನ್ನು ನೋಡಿದೆವು. 2003ರ ಸುಮಾರಿಗೆ ವೆನಿಲಾ ದರ ಮುಗಿಲಿಗೆ ಏರಿ, ಮುಂದಿನ ಎರಡು ವರ್ಷದಲ್ಲಿ ನೆಲ ಕಚ್ಚಿತು. 2012ರಲ್ಲಿ ತಮಿಳುನಾಡಿನ ಎಮು ಕಂಪನಿಗಳು ಮುಳುಗಿದವು. ಇವೆಲ್ಲದರ ಮೊದಲು ಒಳ್ಳೊಳ್ಳೆ ಭಾಷಣಗಳಿದ್ದವು.

ಹಾಗಂತ ಗೆದ್ದವರ ಮಾತು ಬೇಡ ಅಂತಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಡಿಕೆ ಬೆಳೆಗಾರರನ್ನು ಕೂಡಿಸಿ ಕ್ಯಾಂಪ್ಕೊ ಕಟ್ಟದಿದ್ದರೆ ಕರಾವಳಿಯ ರೈತರ ಗತಿ ಬೇರೆಯೇ ಇರುತ್ತಿತ್ತು. ಅಲ್ಲೂ ಮೊದಲು ಬಂದದ್ದು ದರ ಬಿದ್ದ ಕಷ್ಟ. ಕಷ್ಟದಿಂದ ಹಿಡಿದು ಕತೆ ಕೇಳಿದರೆ ನಮಗೆ ದಾರಿ ಕಾಣುತ್ತದೆ.

ನಮ್ಮೂರ ಅಮಾವಾಸ್ಯೆ ಕೂಟ

ಚಂದಾ ಇಲ್ಲದೆ ಅವರ ಪದ್ಧತಿಯನ್ನು ನಾವು ಎತ್ತಿಕೊಂಡೆವು. ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ. ಸಂಜೆ ಒಬ್ಬರ ಮನೆ ಕಟ್ಟೆಯ ಮೇಲೆ ಸೇರುತ್ತೇವೆ. ಮುಂದಿನ ಸಲ ಇನ್ನೊಬ್ಬರ ಮನೆ. ಒಬ್ಬೊಬ್ಬರು ಎದ್ದು ಎರಡೇ ಮಾತು ಹೇಳಬೇಕು: ನನ್ನ ಹತ್ತಿರ ಏನಿದೆ, ನನಗೆ ಏನು ಬೇಕು. ಮೊದಲ ಸಲವೇ ಒಂದು ಸೋಜಿಗ ಆಯಿತು. ಒಬ್ಬನ ಬಣವೆಯಲ್ಲಿ ಎರಡು ಗಾಡಿ ಜೋಳದ ಸೊಪ್ಪೆ ಹೆಚ್ಚಾಗಿ ಬಿದ್ದಿತ್ತು. ಎರಡು ಓಣಿ ಆಚೆಯವನು ಇಪ್ಪತ್ತು ಕಿಲೋಮೀಟರ್ ದೂರದಿಂದ ಬಾಡಿಗೆ ಕೊಟ್ಟು ಸೊಪ್ಪೆ ತರಿಸುತ್ತಿದ್ದ! ಇಬ್ಬರೂ ದಿನಾ ಒಂದೇ ಬಾವಿಕಟ್ಟೆ ದಾಟುವವರು.

ಆಮೇಲೆ ಒಬ್ಬರ ಮಾತು, ಹತ್ತು ನಿಮಿಷ. ನಿಯಮ ಒಂದೇ: ಮೊದಲು ಒಂದು ನಷ್ಟ ಹೇಳಿ, ಆಮೇಲೆ ಲಾಭ ಹೇಳಬೇಕು. ದಾವಣಗೆರೆಗೆ ಜೋಳದ ರೊಟ್ಟಿ ಕಳಿಸುವ ಹೆಣ್ಣುಮಗಳು ಮೊದಲ ಮೂರು ತಿಂಗಳು ಸೌದೆಯ ಲೆಕ್ಕ ಹಿಡಿಯದೆ ರೊಟ್ಟಿ ಮಾರಿದ್ದನ್ನು ಹೇಳಿದಳು. ಕುರಿ ಸಾಕುವವನು ನೀಲಿ ನಾಲಿಗೆ ರೋಗಕ್ಕೆ ಲಸಿಕೆ ಹಾಕಿಸದೆ ಹದಿಮೂರು ಕುರಿ ಕಳೆದುಕೊಂಡದ್ದನ್ನು ಹೇಳಿದ. ಮರುದಿನವೇ ನಾಲ್ಕು ಮನೆಯವರು ಪಶು ಆಸ್ಪತ್ರೆಗೆ ಹೋದರು. ಯಾವ ದೊಡ್ಡ ಉದ್ಯಮಿಯ ಭಾಷಣದಿಂದಲೂ ಅಷ್ಟು ಬೇಗ ಕೆಲಸ ಆದದ್ದನ್ನು ನಾನು ಕಂಡಿಲ್ಲ.

ಹೋದ ಅಮಾವಾಸ್ಯೆಗೆ ಹರಿಹರದ ಆ ಹಿರಿಯರನ್ನು ಕರೆಸಿದ್ದೆವು. ನವಣಕ್ಕಿ ಅನ್ನ, ಹುಣಸೆ ಸಾರು ಊಟ ಹಾಕಿದೆವು. ಯಂತ್ರ ಯಾವಾಗ ತರಬಹುದು ಅಂತ ನಮ್ಮ ಹುಡುಗರು ಕೇಳಿದರು. "ಬಾಡಿಗೆ ಗಿರಣಿ ಮುಂದೆ ನಿಮ್ಮ ಚೀಲ ಪಾಳಿಗೆ ನಿಂತು ನಿಂತು ಸಾಕಾದಾಗ" ಅಂದರು. ಇನ್ನೂ ಅಷ್ಟು ಸಾಕಾಗಿಲ್ಲ. ಈಗ ತಿಂಗಳಿಗೆ ಒಂದು ದಿನ ನಿಲ್ಲುತ್ತೇವೆ. ವಾರಕ್ಕೆ ಮೂರು ದಿನ ಆದಾಗ ಮತ್ತೆ ಬರೆಯುತ್ತೇನೆ.